ಟಿಪ್ಪಣಿ ಪುಸ್ತಕದಿಂದ ಗ್ರಂಥಋಣದವರೆಗೆ: ಕೃತಿಚೌರ್ಯವಿಲ್ಲದೆ ಕಿರು ಪ್ರಬಂಧ ಬರೆಯುವ ಕ್ರಮ

ಕಿರು ಪ್ರಬಂಧದ ಕರಡು ಹಿಡಿದುಕೊಂಡು ವಿದ್ಯಾರ್ಥಿಗಳು ಬಂದಾಗ ಅದರ ಜೊತೆಗೆ ಅವರ ಟಿಪ್ಪಣಿ ಪುಸ್ತಕವನ್ನೂ ನಾನು ಕೇಳಿ ಪಡೆಯುತ್ತೇನೆ. ಹಾಸನದಲ್ಲಿ ಹಲವು ವರ್ಷ ಸ್ನಾತಕೋತ್ತರ ವಿದ್ಯಾರ್ಥಿಗಳ ಬರವಣಿಗೆಯನ್ನು ತಿದ್ದುತ್ತ ಬಂದ ಮೇಲೆ ನನಗೆ ಖಚಿತವಾಗಿರುವ ಸಂಗತಿಯೆಂದರೆ, ಕೃತಿಚೌರ್ಯವು ಬಹುಮಟ್ಟಿಗೆ ಬರೆಯುವ ದಿನಕ್ಕಿಂತ ಬಹಳ ಮೊದಲೇ, ಪುಟಸಂಖ್ಯೆ ಗುರುತು ಹಾಕದೆ ಒಂದು ಪ್ಯಾರಾವನ್ನು ನೋಟ್ ಪುಸ್ತಕಕ್ಕೆ ಇಳಿಸಿಕೊಂಡ ಕ್ಷಣದಲ್ಲೇ ಹುಟ್ಟಿರುತ್ತದೆ. ನನ್ನ ಎಂ.ಎ. ಪ್ರಬಂಧದ ಎರಡನೆಯ ಅಧ್ಯಾಯವನ್ನು ಓದಿದ ಮಾರ್ಗದರ್ಶಕರು ಒಂದು ಪ್ಯಾರಾದ ಮೇಲೆ ಬೆರಳಿಟ್ಟು, ‘ಇದು ನಿಮ್ಮ ಮಾತೇ?’ ಎಂದು ಕೇಳಿದ್ದರು. ಹೌದೆಂದು ನಾನು ಹೇಳಿದ್ದು ಸುಳ್ಳು ಹೇಳಬೇಕೆಂದಲ್ಲ. ಅದು ನನ್ನ ಕೈಬರಹದಲ್ಲಿ, ನನ್ನ ನೋಟ್ ಪುಸ್ತಕದಲ್ಲಿ ಇತ್ತು. ಎರಡು ದಿನ ಗ್ರಂಥಾಲಯದಲ್ಲಿ ಕುಳಿತು ಹುಡುಕಿದಾಗ ಆ ಪ್ಯಾರಾ ಒಂದು ಅಕ್ಷರವೂ ವ್ಯತ್ಯಾಸವಿಲ್ಲದೆ ಬೇರೊಬ್ಬರ ಪುಸ್ತಕದಲ್ಲಿ ಸಿಕ್ಕಿತು. ಆ ನಾಚಿಕೆ ನನ್ನಿಂದ ಇನ್ನೂ ಹೋಗಿಲ್ಲ. ಮುಂದೆ ವಿವರಿಸಿರುವ ಕ್ರಮವೆಲ್ಲ ಅಂಥ ಸ್ಥಿತಿ ಇನ್ನೊಬ್ಬ ವಿದ್ಯಾರ್ಥಿಗೆ ಬಾರದಿರಲಿ ಎಂಬ ಕಾಳಜಿಯಿಂದ ಬಂದದ್ದು.

ಮೊದಲ ಹಂತ: ನಿಮಗೆ ಅನ್ವಯಿಸುವ ನಿಯಮವನ್ನು ಓದಿಕೊಳ್ಳಿ

ವಿಶ್ವವಿದ್ಯಾಲಯ ಧನಸಹಾಯ ಆಯೋಗವು, ಅಂದರೆ ಯುಜಿಸಿಯು, ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೈಕ್ಷಣಿಕ ಪ್ರಾಮಾಣಿಕತೆಯನ್ನು ಉತ್ತೇಜಿಸಲು ಮತ್ತು ಕೃತಿಚೌರ್ಯವನ್ನು ತಡೆಯಲು 2018ರಲ್ಲಿ ವಿನಿಯಮಗಳನ್ನು ಹೊರಡಿಸಿದೆ. ಇನ್ನೊಬ್ಬರ ಕೃತಿಯನ್ನಾಗಲಿ ವಿಚಾರವನ್ನಾಗಲಿ ತೆಗೆದುಕೊಂಡು ತನ್ನದೆಂದು ತೋರಿಸಿಕೊಳ್ಳುವುದೇ ಕೃತಿಚೌರ್ಯ ಎಂಬುದು ಅದರ ವ್ಯಾಖ್ಯೆಯ ತಿರುಳು. ಇಲ್ಲಿ ‘ವಿಚಾರ’ ಎಂಬ ಪದವನ್ನು ಗಮನಿಸಬೇಕು. ಪದಗಳನ್ನೆಲ್ಲ ಬದಲಿಸಿದರೂ ವಿಚಾರ ಯಾರದೆಂದು ಹೇಳುವ ಹೊಣೆ ತಪ್ಪುವುದಿಲ್ಲ.

ಈ ವಿನಿಯಮಗಳು ಪ್ರಬಂಧಕ್ಕೂ ಬೇರೆ ಬರಹಗಳಿಗೂ ಇರುವ ಹೋಲಿಕೆಯ ಪ್ರಮಾಣವನ್ನು ನಾಲ್ಕು ಮಟ್ಟಗಳಾಗಿ ವಿಂಗಡಿಸುತ್ತವೆ. ಶೇ. 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ. ಶೇ. 10ಕ್ಕಿಂತ ಹೆಚ್ಚಾಗಿ 40ರವರೆಗೆ ಇದ್ದರೆ 6 ತಿಂಗಳನ್ನು ಮೀರದ ನಿಗದಿತ ಅವಧಿಯೊಳಗೆ ಪ್ರಬಂಧವನ್ನು ಪರಿಷ್ಕರಿಸಿ ಸಲ್ಲಿಸಬೇಕು. 40ಕ್ಕಿಂತ ಹೆಚ್ಚಾಗಿ 60ರವರೆಗೆ ಇದ್ದರೆ ಒಂದು ವರ್ಷದವರೆಗೆ ಪರಿಷ್ಕೃತ ಪ್ರಬಂಧವನ್ನು ಸಲ್ಲಿಸುವಂತಿಲ್ಲ. 60ನ್ನು ಮೀರಿದರೆ ಆ ಕೋರ್ಸಿನ ನೋಂದಣಿಯೇ ರದ್ದಾಗುತ್ತದೆ. ಪದವಿ ಕೈಸೇರಿದ ಮೇಲೆ ಕೃತಿಚೌರ್ಯ ಸಾಬೀತಾದರೂ ಆ ಪದವಿಯನ್ನು ತಡೆಹಿಡಿಯಲು ಅವಕಾಶವಿದೆ. ಹಾಗೆಂದು ಶೇ. 10ರವರೆಗೆ ನಕಲು ಮಾಡಬಹುದೆಂದು ಯಾರೂ ಭಾವಿಸಬಾರದು. ಸಾರಾಂಶ, ಪ್ರಾಕ್ಕಲ್ಪನೆ, ಅವಲೋಕನ, ಫಲಿತಾಂಶ, ತೀರ್ಮಾನ ಮತ್ತು ಶಿಫಾರಸುಗಳು ಸ್ವಂತ ವಿಚಾರದ್ದಾಗಿರಬೇಕು, ಅವುಗಳಲ್ಲಿ ಹೋಲಿಕೆ ಇರಕೂಡದು ಎಂದು ಅದೇ ವಿನಿಯಮ ಹೇಳುತ್ತದೆ.

ಬಹಳ ಜನ ಗಮನಿಸದ ಇನ್ನೊಂದು ಅಂಶವಿದೆ. ಯುಜಿಸಿಯ ಈ ದಂಡನೆಗಳು ಸ್ನಾತಕೋತ್ತರ ಮತ್ತು ಸಂಶೋಧನಾ ಪದವಿಗಳ ಪ್ರಬಂಧಗಳಿಗೆ ಹಾಗೂ ಪ್ರಕಟಣೆಗಳಿಗೆ ಅನ್ವಯಿಸುತ್ತವೆ. ಅಸೈನ್‌ಮೆಂಟ್, ಪ್ರಾಜೆಕ್ಟ್ ವರದಿ, ಉತ್ತರಪತ್ರಿಕೆ ಮುಂತಾದವನ್ನು ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಆದ್ದರಿಂದ ಅವುಗಳಿಗೆ ನಿಮ್ಮ ಕಾಲೇಜು ಮತ್ತು ವಿಶ್ವವಿದ್ಯಾಲಯದ ಸ್ವಂತ ನಿಯಮಗಳೇ ಆಧಾರ. ನಮ್ಮ ಭಾಗದಲ್ಲಿ ಈ ಎಚ್ಚರಿಕೆ ತೀರ ಅಗತ್ಯ. ಹಾಸನದ ಹೇಮಗಂಗೋತ್ರಿಯು ಮೊದಲು ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದು ಆಮೇಲೆ ಹಾಸನ ವಿಶ್ವವಿದ್ಯಾಲಯವಾಯಿತು, ಚಿಕ್ಕಮಗಳೂರಿನ ಪದವಿ ಕಾಲೇಜುಗಳು ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿವೆ, ಇಂಜಿನಿಯರಿಂಗ್ ವಿದ್ಯಾರ್ಥಿಗಳು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತಾರೆ. ಪಕ್ಕದ ಮನೆಯ ಅಣ್ಣ ಅನುಸರಿಸಿದ ಪದ್ಧತಿ ನಿಮಗೆ ಅನ್ವಯಿಸದೆ ಹೋಗಬಹುದು. ಪ್ರಬಂಧದ ವಿಷಯ ನೋಂದಾಯಿಸಿದ ವಾರದಲ್ಲೇ ವಿಭಾಗದ ಕಚೇರಿಯಿಂದ ನಿಯಮದ ಪ್ರತಿಯನ್ನು ಪಡೆದು, ಉಲ್ಲೇಖದ ಯಾವ ಪದ್ಧತಿಯನ್ನು ಅನುಸರಿಸಬೇಕೆಂದು ಮಾರ್ಗದರ್ಶಕರನ್ನು ಕೇಳಿ ಬರೆದಿಟ್ಟುಕೊಳ್ಳಿ.

ಎರಡನೆಯ ಹಂತ: ಪುಸ್ತಕ ತೆರೆದ ಕೂಡಲೇ ಅದರ ವಿಳಾಸ ಬರೆಯಿರಿ

ಒಂದು ಪುಸ್ತಕದಿಂದ ಮೊದಲ ಟಿಪ್ಪಣಿ ಬರೆಯುವ ಮುನ್ನವೇ ಲೇಖಕರ ಹೆಸರು, ಕೃತಿಯ ಹೆಸರು, ಪ್ರಕಾಶಕರು, ಊರು, ಪ್ರಕಟಣೆಯ ವರ್ಷ, ಮುದ್ರಣ ಅಥವಾ ಆವೃತ್ತಿ, ಗ್ರಂಥಾಲಯದ ಕರೆಸಂಖ್ಯೆ ಇವಿಷ್ಟನ್ನು ಪುಟದ ತಲೆಯಲ್ಲಿ ಬರೆಯಿರಿ. ಜಾಲತಾಣವಾದರೆ ವಿಳಾಸದ ಜೊತೆಗೆ ನೀವು ನೋಡಿದ ದಿನಾಂಕವನ್ನೂ ಸೇರಿಸಿ. ಝೆರಾಕ್ಸ್ ಮಾಡಿಸುವವರು ಬೇಕಾದ ಅಧ್ಯಾಯದ ಜೊತೆಗೆ ಪುಸ್ತಕದ ಶೀರ್ಷಿಕೆ ಪುಟವನ್ನೂ ಅದರ ಹಿಂಬದಿಯನ್ನೂ ತಪ್ಪದೆ ಮಾಡಿಸಬೇಕು. ಆರು ತಿಂಗಳ ನಂತರ ಕೈಯಲ್ಲಿ ಉಳಿದಿರುವ ಹೆಸರಿಲ್ಲದ ಇಪ್ಪತ್ತು ಹಾಳೆಗಳಿಂದ ಏನೂ ಪ್ರಯೋಜನವಿಲ್ಲ. ಲ್ಯಾಪ್‌ಟಾಪ್ ಇರುವವರು ಉಚಿತವಾಗಿ ಸಿಗುವ ಝೊಟೆರೊ ತಂತ್ರಾಂಶದಲ್ಲಿ ಈ ವಿವರಗಳನ್ನು ಸೇರಿಸುತ್ತ ಹೋಗಬಹುದು. ಇಲ್ಲದವರಿಗೆ ನೂರು ಪುಟದ ನೋಟ್ ಪುಸ್ತಕ ಸಾಕು.

ಮೂರನೆಯ ಹಂತ: ಮೂರು ಬಗೆಯ ಟಿಪ್ಪಣಿಗಳನ್ನು ಎಂದೂ ಬೆರೆಸಬೇಡಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹಂತವನ್ನು ಪಾಲಿಸುವಷ್ಟು ಮಾತ್ರ ವ್ಯವಧಾನವಿದ್ದರೆ ಇದನ್ನೇ ಪಾಲಿಸಿ. ಪುಸ್ತಕದ ಮಾತನ್ನು ಇದ್ದಹಾಗೇ ಇಳಿಸಿಕೊಂಡರೆ ಅದು ಉದ್ಧರಣೆ. ಅದನ್ನು ನೀಲಿ ಶಾಯಿಯಲ್ಲಿ, ಉದ್ಧರಣ ಚಿಹ್ನೆಗಳೊಳಗೆ ಬರೆದು ಕೊನೆಯಲ್ಲಿ ಪುಟಸಂಖ್ಯೆ ಹಾಕಿ. ಪುಸ್ತಕದ ವಿಚಾರವನ್ನು ನಿಮ್ಮ ಮಾತಿನಲ್ಲಿ ಬರೆದುಕೊಂಡರೆ ಅದು ಸಂಗ್ರಹ. ಅದನ್ನು ಕಪ್ಪು ಶಾಯಿಯಲ್ಲಿ ಬರೆಯಿರಿ, ಅದಕ್ಕೂ ಪುಟಸಂಖ್ಯೆ ಬೇಕು. ಓದುವಾಗ ನಿಮಗೇ ಹೊಳೆದದ್ದು, ಒಪ್ಪದೆ ಹೋದದ್ದು, ಕೇಳಬೇಕೆನಿಸಿದ್ದು ಎಲ್ಲ ಹಸಿರು ಶಾಯಿಯಲ್ಲಿರಲಿ. ಮೊಬೈಲಿನಲ್ಲೋ ಲ್ಯಾಪ್‌ಟಾಪಿನಲ್ಲೋ ಟಿಪ್ಪಣಿ ಮಾಡುವವರು ಅಕ್ಷರದ ಬಣ್ಣವನ್ನು ಹಾಗೆಯೇ ಬದಲಿಸಬಹುದು. ಬರೆಯಲು ಕುಳಿತ ದಿನ ನಿಮ್ಮ ನೆನಪಿನ ಮೇಲೆ ಯಾವ ಭಾರವೂ ಬೀಳದಂತೆ ಈ ಬಣ್ಣಗಳು ನೋಡಿಕೊಳ್ಳುತ್ತವೆ. ನನ್ನ ಆ ಎರಡನೆಯ ಅಧ್ಯಾಯಕ್ಕೆ ನೀಲಿ ಶಾಯಿಯ ಒಂದು ಪೆನ್ನು ಇದ್ದಿದ್ದರೆ ಸಾಕಿತ್ತು.

ಟಿಪ್ಪಣಿ ಪುಸ್ತಕದಲ್ಲಿ ಹಸಿರು ಶಾಯಿ ತೀರ ಕಡಿಮೆ ಕಂಡರೆ ಅದನ್ನು ಒಂದು ಮುನ್ಸೂಚನೆಯೆಂದು ತಿಳಿಯಿರಿ. ಓದಿದ್ದರ ಬಗ್ಗೆ ನಿಮಗೆ ಹೇಳಲು ಏನೂ ಇಲ್ಲದಿದ್ದಾಗಲೇ ಬೇರೆಯವರ ಮಾತುಗಳು ಬಂದು ಪುಟ ತುಂಬುತ್ತವೆ. ಆಗ ಬರವಣಿಗೆಯನ್ನು ನಿಲ್ಲಿಸಿ ಮತ್ತೆ ಓದಿಗೆ ಮರಳುವುದೇ ಸರಿ.

ನಾಲ್ಕನೆಯ ಹಂತ: ಯಾವುದಕ್ಕೆ ಆಕರ ಬೇಕು, ಯಾವುದಕ್ಕೆ ಬೇಡ

ಎಲ್ಲರೂ ತಿಳಿದಿರುವ, ಯಾವ ಪರಾಮರ್ಶನ ಗ್ರಂಥದಲ್ಲೂ ಸಿಗುವ, ವಿವಾದವಿಲ್ಲದ ಸಂಗತಿಗೆ ಆಕರ ಕೊಡಬೇಕಿಲ್ಲ. ಹಲ್ಮಿಡಿ ಶಾಸನ ಸಿಕ್ಕಿದ ಊರು ಬೇಲೂರು ತಾಲ್ಲೂಕಿನಲ್ಲಿದೆ ಎನ್ನುವುದಕ್ಕೂ ಬೇಲೂರಿನ ದೇವಾಲಯವು ವಿಷ್ಣುವರ್ಧನನ ಕಾಲದಲ್ಲಿ 1117ರಲ್ಲಿ ಪ್ರತಿಷ್ಠಾಪನೆಗೊಂಡಿತು ಎನ್ನುವುದಕ್ಕೂ ಅಡಿಟಿಪ್ಪಣಿ ಅನಗತ್ಯ. ಆದರೆ ಹಲ್ಮಿಡಿ ಶಾಸನದ ಕಾಲವು ಸುಮಾರು 450 ಎಂಬುದನ್ನು ಲಿಪಿಯ ಆಧಾರದಿಂದ ಸಮರ್ಥಿಸುವಾಗ, ಅಥವಾ ವಿಷ್ಣುವರ್ಧನನು ಆ ದೇವಾಲಯವನ್ನು ಕಟ್ಟಿಸಿದ್ದರ ಕಾರಣವನ್ನು ಚರ್ಚಿಸುವಾಗ ನೀವು ಯಾರೋ ಒಬ್ಬ ವಿದ್ವಾಂಸರ ವಾದದ ಮೇಲೆ ನಿಂತಿರುತ್ತೀರಿ; ಅವರ ಹೆಸರು ಬರಲೇಬೇಕು. ಅಂಕಿಅಂಶಗಳಿಗೆ, ಕೋಷ್ಟಕಗಳಿಗೆ, ನಕ್ಷೆಗಳಿಗೆ ಯಾವಾಗಲೂ ಆಕರ ಬೇಕು. ಸಂದೇಹವಿದ್ದರೆ ಆಕರ ಕೊಡಿ. ಹೆಚ್ಚಾದ ಅಡಿಟಿಪ್ಪಣಿಯನ್ನು ಮಾರ್ಗದರ್ಶಕರು ಹೊಡೆದುಹಾಕಬಹುದು, ಬಿಟ್ಟುಹೋದದ್ದು ನಿಮ್ಮ ತಲೆಯ ಮೇಲೆ ಬರುತ್ತದೆ.

ಚಿತ್ರಗಳ ವಿಷಯದಲ್ಲಿ ನಮ್ಮ ವಿದ್ಯಾರ್ಥಿಗಳು ತೀರ ಸಡಿಲವಾಗಿದ್ದಾರೆ. ಹೊಯ್ಸಳ ಶಿಲ್ಪದ ಬಗ್ಗೆ ಬರೆಯುವಾಗ ಅಂತರಜಾಲದಿಂದ ಮದನಿಕೆಯ ಚಿತ್ರ ಇಳಿಸಿಕೊಂಡು, ತೆಗೆದವರ ಹೆಸರಿಲ್ಲದೆ ಅಂಟಿಸುತ್ತಾರೆ. ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ ಬೇಲೂರಿನಲ್ಲಿ ತಮ್ಮ ಶಿಲ್ಪಗಳ ಬಳಿ ಹೆಸರು ಕೆತ್ತಿಸಿದ್ದರಿಂದಲೇ ಒಂಬೈನೂರು ವರ್ಷಗಳ ಮೇಲೆ ನಾವು ಅವರನ್ನು ಗುರುತಿಸುತ್ತಿದ್ದೇವೆ. ಅಂಥ ಶಿಲ್ಪದ ಮುಂದೆ ನಿಂತು ಚಿತ್ರ ತೆಗೆದವರ ಹೆಸರನ್ನು ನಾವು ಬಿಟ್ಟುಬಿಡುವುದು ನನಗೆ ಸಹಿಸಲಾಗದ ಸಂಗತಿ. ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಹೋಗಿ ನೀವೇ ಚಿತ್ರ ತೆಗೆದುಕೊಂಡು ದಿನಾಂಕ ನಮೂದಿಸಿ.

ಐದನೆಯ ಹಂತ: ಪುಸ್ತಕ ಮುಚ್ಚಿಟ್ಟು ಬರೆಯಿರಿ

ಪದಕ್ಕೆ ಪದ ಬದಲಿಸಿದರೆ ಮಾತು ಸ್ವಂತದ್ದಾಗುವುದಿಲ್ಲ. ಉದಾಹರಣೆಗಾಗಿ ನಾನೇ ರಚಿಸಿದ ಒಂದು ವಾಕ್ಯವನ್ನು ಮೂಲವೆಂದು ಇಟ್ಟುಕೊಳ್ಳೋಣ: ‘ಹಾಸನ ಜಿಲ್ಲೆಯ ರೈತರು ಮುಂಗಾರಿನಲ್ಲಿ ಆಲೂಗಡ್ಡೆ ಬೆಳೆಯುವುದರಿಂದ ಗಿಡ ಬೆಳೆಯುವ ಕಾಲಕ್ಕೆ ಸರಿಯಾಗಿ ಮೋಡ ಮುಸುಕಿದ ತೇವದ ದಿನಗಳು ಬರುತ್ತವೆ, ಅಂಗಮಾರಿ ರೋಗಕ್ಕೆ ಇಂಥ ಹವೆಯೇ ಅನುಕೂಲಕರವಾದ್ದರಿಂದ ಔಷಧ ಸಿಂಪಡಣೆಯ ಖರ್ಚು ಏರುತ್ತದೆ.’

ಇದನ್ನು ಓದಿದ ವಿದ್ಯಾರ್ಥಿಯೊಬ್ಬರು ‘ಹಾಸನ ಜಿಲ್ಲೆಯ ಕೃಷಿಕರು ಮಳೆಗಾಲದಲ್ಲಿ ಆಲೂಗಡ್ಡೆ ಬೆಳೆಯುವುದರಿಂದ ಸಸಿ ಬೆಳೆಯುವ ಸಮಯಕ್ಕೆ ಸರಿಯಾಗಿ ಮೋಡ ಕವಿದ ಒದ್ದೆಯ ದಿನಗಳು ಬರುತ್ತವೆ, ಅಂಗಮಾರಿ ರೋಗಕ್ಕೆ ಇಂಥ ವಾತಾವರಣವೇ ಸಹಕಾರಿಯಾದ್ದರಿಂದ ಔಷಧ ಹೊಡೆಯುವ ವೆಚ್ಚ ಹೆಚ್ಚುತ್ತದೆ’ ಎಂದು ಬರೆದರೆ, ರೈತರು ಕೃಷಿಕರಾಗಿದ್ದಾರೆ, ಖರ್ಚು ವೆಚ್ಚವಾಗಿದೆ, ವಾಕ್ಯದ ಎಲುಬುಗೂಡು ಮಾತ್ರ ಮೂಲ ಲೇಖಕರದೇ ಆಗಿ ಉಳಿದಿದೆ. ಕೊನೆಯಲ್ಲಿ ಆಕರ ಹಾಕಿದರೂ ಇದು ಸರಿಯಾದ ಬರವಣಿಗೆಯಲ್ಲ.

ಸರಿಯಾದ ರೀತಿ ಬೇರೆ. ಓದಿ, ಪುಸ್ತಕ ಮುಚ್ಚಿ, ಅದನ್ನು ಓದದ ಗೆಳೆಯರಿಗೆ ಬಾಯಲ್ಲಿ ವಿವರಿಸಿ, ಆ ವಿವರಣೆಯನ್ನು ಬರೆಯಿರಿ: ‘ಹಾಸನದ ಆಲೂಗಡ್ಡೆ ಬೆಳೆಗಾರರ ಸಿಂಪಡಣೆ ಖರ್ಚಿಗೂ ಬಿತ್ತನೆಯ ಕಾಲಕ್ಕೂ ಇರುವ ನಂಟನ್ನು ಈ ಲೇಖಕರು ಎತ್ತಿ ತೋರಿಸುತ್ತಾರೆ (ವರ್ಷ, ಪುಟ). ಮುಂಗಾರಿನ ತೇವದಲ್ಲಿ ಅಂಗಮಾರಿ ಹರಡುವುದೇ ಅವರ ಪ್ರಕಾರ ಮುಖ್ಯ ಕಾರಣ. ನಾನು ಭೇಟಿಯಾದ ರೈತರು ಇದರ ಜೊತೆಗೆ ಜಲಂಧರ್‌ನಿಂದ ಬರುವ ಬಿತ್ತನೆ ಗಡ್ಡೆಯ ಬೆಲೆಯನ್ನೂ ಪ್ರಸ್ತಾಪಿಸಿದರು.’ ಇಲ್ಲಿ ಲೇಖಕರ ಮಾತು ಎಲ್ಲಿಗೆ ಮುಗಿಯಿತು, ಬರೆದವರ ಮಾತು ಎಲ್ಲಿಂದ ಆರಂಭವಾಯಿತು ಎಂಬುದು ಓದುಗರಿಗೆ ಸ್ಪಷ್ಟವಾಗಿ ಕಾಣುತ್ತದೆ. ಆ ಗಡಿ ಕಾಣುವಂತಿದ್ದರೆ ನೀವು ಪ್ರಾಮಾಣಿಕರು. ಮೂಲದ ಮಾತೇ ಅಷ್ಟು ಸೊಗಸಾಗಿ ಅಥವಾ ಖಚಿತವಾಗಿ ಇದ್ದರೆ ಬದಲಿಸುವ ಗೋಜಿಗೆ ಹೋಗದೆ ಉದ್ಧರಣ ಚಿಹ್ನೆಯೊಳಗೆ ಇದ್ದಂತೆಯೇ ಕೊಡಿ.

ಆರನೆಯ ಹಂತ: ಅನುವಾದಿಸಿದ್ದೂ ತೆಗೆದುಕೊಂಡದ್ದೇ

ಕನ್ನಡದಲ್ಲಿ ಪ್ರಬಂಧ ಬರೆಯುವವರು ಇಂಗ್ಲಿಷ್ ಪುಸ್ತಕಗಳನ್ನು ಆಶ್ರಯಿಸುವುದು ಅನಿವಾರ್ಯ. ಅಲ್ಲಿಯ ಪ್ಯಾರಾವನ್ನು ಕನ್ನಡಕ್ಕೆ ತಿರುಗಿಸಿ ಆಕರವಿಲ್ಲದೆ ಸೇರಿಸಿದರೆ ಯಾವ ತಂತ್ರಾಂಶವೂ ಹಿಡಿಯುವುದಿಲ್ಲ ಎಂಬ ಧೈರ್ಯ ಹಲವರಲ್ಲಿದೆ. ಅನುವಾದದ ಶ್ರಮ ನಿಮ್ಮದು, ವಿಚಾರ ಮೂಲ ಲೇಖಕರದು. ಇಷ್ಟು ಕಷ್ಟಪಟ್ಟು ಅನುವಾದಿಸಿದ ಮೇಲೆ ಅದು ನನ್ನದಲ್ಲವೇ ಎಂದು ಕಣ್ಣಲ್ಲಿ ನೀರು ತಂದುಕೊಂಡು ಕೇಳಿದ ವಿದ್ಯಾರ್ಥಿನಿ ನನಗೆ ನೆನಪಿದ್ದಾರೆ. ಆ ಶ್ರಮವನ್ನು ಮರೆಮಾಚುವ ಅಗತ್ಯವೇ ಇಲ್ಲ: ನೇರವಾಗಿ ಅನುವಾದಿಸಿದ್ದರೆ ಉದ್ಧರಣ ಚಿಹ್ನೆಯೊಳಗೆ ಕೊಟ್ಟು, ಮೂಲದ ಪುಟಸಂಖ್ಯೆ ಹಾಕಿ, ‘ಅನುವಾದ ನನ್ನದು’ ಎಂದು ಬರೆಯಿರಿ. ಹಾಗೆ ಮಾಡಿದಾಗ ಲೇಖಕರಿಗೆ ಸಲ್ಲಬೇಕಾದದ್ದೂ ನಿಮ್ಮ ಶ್ರಮಕ್ಕೆ ಸಲ್ಲಬೇಕಾದದ್ದೂ ಎರಡೂ ಸಲ್ಲುತ್ತವೆ. ಗೂಗಲ್ ಟ್ರಾನ್ಸ್‌ಲೇಟ್ ಬಳಸಿದ್ದರೆ ಅದನ್ನೂ ತಿಳಿಸಬೇಕು. ಪಾರಿಭಾಷಿಕ ಪದಗಳನ್ನು ಮೂಲದೊಡನೆ ಹೋಲಿಸದೆ ಬಿಡಬಾರದು.

ಮರುಪ್ರಕಟಣೆಗೆ ಹಕ್ಕುಸ್ವಾಮ್ಯದ ಅಡ್ಡಿಯಿಲ್ಲದ ಹಳೆಯ ಕೃತಿಗಳಿಗೂ ಇದೇ ಮಾತು ಸಲ್ಲುತ್ತದೆ. 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕರು ತೀರಿಕೊಂಡು 60 ವರ್ಷಗಳಾದ ಮೇಲೆ ಕೃತಿ ಸಾರ್ವಜನಿಕ ಸ್ವತ್ತಾಗುತ್ತದೆ. ಬಿ.ಎಲ್. ರೈಸ್ ಸಂಪಾದಿಸಿದ ಶಾಸನ ಸಂಪುಟಗಳನ್ನು ಕಾನೂನಿನ ತೊಡಕಿಲ್ಲದೆ ಮರುಮುದ್ರಿಸಬಹುದು. ಆದರೆ ರೈಸ್ ಅವರ ಓದನ್ನು ನಿಮ್ಮ ಓದೆಂದು ಪ್ರಬಂಧದಲ್ಲಿ ಬರೆದರೆ ಅದು ಕೃತಿಚೌರ್ಯವೇ.

ಏಳನೆಯ ಹಂತ: ಗ್ರಂಥಋಣ

ನಮ್ಮ ಹಿರಿಯರು ಆಕರಗಳ ಪಟ್ಟಿಯನ್ನು ಗ್ರಂಥಋಣ ಎಂದು ಕರೆದರು. ಸಾಲದ ಪಟ್ಟಿಯಲ್ಲಿ ತೆಗೆದುಕೊಳ್ಳದ ಸಾಲವನ್ನು ಯಾರೂ ಬರೆಯುವುದಿಲ್ಲ. ನೀವು ತೆರೆದು ನೋಡದ ಪುಸ್ತಕ ಆ ಪಟ್ಟಿಯಲ್ಲಿರಬಾರದು. ಬೇರೊಬ್ಬರ ಲೇಖನದಲ್ಲಿ ಕಂಡ ಅಡಿಟಿಪ್ಪಣಿಯನ್ನು ಎತ್ತಿಕೊಂಡು, ಮೂಲವನ್ನೇ ನೋಡಿದಂತೆ ಬರೆಯುವ ಅಭ್ಯಾಸ ವ್ಯಾಪಕವಾಗಿದೆ. ಇದು ಹೇಗೆ ಬಯಲಾಗುತ್ತದೆ ಎಂಬುದಕ್ಕೆ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳ ಮಾಲೆ ಒಳ್ಳೆಯ ಉದಾಹರಣೆ. ರೈಸ್ ಅವರ ಹಳೆಯ ಆವೃತ್ತಿಯಲ್ಲಿ ಹಾಸನ ಜಿಲ್ಲೆಯ ಶಾಸನಗಳು 5ನೆಯ ಸಂಪುಟದಲ್ಲೂ ಅಂದಿನ ಕಡೂರು ಜಿಲ್ಲೆಯ, ಅಂದರೆ ಇಂದಿನ ಚಿಕ್ಕಮಗಳೂರು ಭಾಗದ, ಶಾಸನಗಳು 6ನೆಯ ಸಂಪುಟದಲ್ಲೂ ಇವೆ. ಮೈಸೂರು ವಿಶ್ವವಿದ್ಯಾಲಯ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ಬೇಲೂರು ತಾಲ್ಲೂಕು 9ನೆಯ ಸಂಪುಟಕ್ಕೆ ಬಂದಿದೆ. ಹಳೆಯ ಆವೃತ್ತಿಯ 9ನೆಯ ಸಂಪುಟ ತೆರೆದರೆ ಸಿಗುವುದು ಬೆಂಗಳೂರು ಜಿಲ್ಲೆ. ಎರಡು ಲೇಖನಗಳಿಂದ ಎರಡು ಅಡಿಟಿಪ್ಪಣಿಗಳನ್ನು ಎತ್ತಿಕೊಂಡವರ ಪ್ರಬಂಧದಲ್ಲಿ ಆವೃತ್ತಿಗಳು ಬೆರೆತುಹೋಗಿರುತ್ತವೆ. ಶಾಸನ ಬಲ್ಲ ಪರೀಕ್ಷಕರು ಒಂದೇ ನೋಟದಲ್ಲಿ ಅದನ್ನು ಕಂಡುಕೊಳ್ಳುತ್ತಾರೆ. ಮೂಲ ಸಿಗದಿದ್ದರೆ ‘ಇಂಥವರ ಲೇಖನದಲ್ಲಿ ಉದ್ಧೃತ’ ಎಂದು ನೇರವಾಗಿ ಹೇಳಿ. ಅದರಿಂದ ನಿಮ್ಮ ಗೌರವಕ್ಕೆ ಕುಂದಿಲ್ಲ.

ಕನ್ನಡ ಹೆಸರುಗಳನ್ನು ಪಟ್ಟಿಯಲ್ಲಿ ಹೇಗೆ ಬರೆಯಬೇಕೆಂಬ ಗೊಂದಲವೂ ಉಂಟು. ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದ ವಿದ್ವಾಂಸರನ್ನು ‘ಕೃಷ್ಣ ಎಂ.ಎಚ್.’ ಎಂದು ಬರೆದು ಅಕಾರಾದಿಯಲ್ಲಿ ಕಕಾರದಡಿ ಇಡುವುದು ಕನ್ನಡ ಪ್ರಬಂಧಗಳ ರೂಢಿ. ಯಾವ ಪದ್ಧತಿಯನ್ನು ಹಿಡಿದರೂ ಮೊದಲ ಪುಟದಿಂದ ಕೊನೆಯವರೆಗೆ ಅದೊಂದೇ ಇರಲಿ.

ಎಂಟನೆಯ ಹಂತ: ಕ್ಷೇತ್ರಕಾರ್ಯವನ್ನು ಕ್ಷೇತ್ರದಲ್ಲೇ ಮಾಡಿ

ಹಾಸ್ಟೆಲ್ ಕೋಣೆಯಲ್ಲಿ ಕುಳಿತು ಐವತ್ತು ಪ್ರಶ್ನಾವಳಿಗಳನ್ನು ತುಂಬುವುದು ಕೃತಿಚೌರ್ಯಕ್ಕಿಂತ ಘೋರವಾದ ಅಪರಾಧ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅಲ್ಲಿ ಇಲ್ಲದ ಜನರ ಬಾಯಲ್ಲಿ ಇಲ್ಲದ ಮಾತು ಹೊರಡಿಸಲಾಗುತ್ತದೆ. ಕಾಫಿ ತೋಟದ ಕಾರ್ಮಿಕರ ಕೂಲಿಯ ಬಗ್ಗೆ ಅಂಥ ಸುಳ್ಳು ಕೋಷ್ಟಕವೊಂದು ಪ್ರಬಂಧ ಸೇರಿದರೆ, ಮುಂದಿನ ಸಂಶೋಧಕರು ಅದನ್ನೇ ಸತ್ಯವೆಂದು ಬಳಸುತ್ತಾರೆ. ಐವತ್ತು ಜನ ಸಿಗದಿದ್ದರೆ ಹದಿನೆಂಟು ಜನರನ್ನೇ ಮಾತಾಡಿಸಿ, ಹದಿನೆಂಟೇ ಎಂದು ಬರೆಯಿರಿ. ಸಂದರ್ಶನದ ದಿನಾಂಕ, ಊರು, ಒಪ್ಪಿಗೆ ಪಡೆದ ಬಗೆ ಇವೆಲ್ಲ ದಾಖಲಾಗಿರಲಿ. ತಮ್ಮ ಹೆಸರು ಹಾಕಬೇಡಿ ಎಂದು ಕೇಳಿದವರ ಹೆಸರನ್ನು ಹಾಕಬೇಡಿ.

ಒಂಬತ್ತನೆಯ ಹಂತ: ಕೃತಕ ಬುದ್ಧಿಮತ್ತೆ, ಹಳೆಯ ಪ್ರಾಜೆಕ್ಟ್, ನಿಮ್ಮದೇ ಹಿಂದಿನ ಬರಹ

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಕರಡುಗಳ ಸ್ವರೂಪವೇ ಬದಲಾಗಿದೆ. ಇಂಥ ಸಾಧನಗಳು ಅಸ್ತಿತ್ವದಲ್ಲೇ ಇಲ್ಲದ ಪುಸ್ತಕ, ಲೇಖನಗಳ ಹೆಸರನ್ನು ಲೇಖಕ, ವರ್ಷ, ಪುಟಸಂಖ್ಯೆ ಸಹಿತ ಸೃಷ್ಟಿಸಿಕೊಡುತ್ತವೆ. ಆದ್ದರಿಂದ ಅವು ಕೊಟ್ಟ ಯಾವ ಆಕರವನ್ನೂ ಗ್ರಂಥಾಲಯದಲ್ಲೋ ಪಿಎಚ್.ಡಿ. ಪ್ರಬಂಧಗಳನ್ನು ಜಾಲತಾಣದಲ್ಲಿ ಇಡುವ ಶೋಧಗಂಗಾದಂಥ ಭಂಡಾರದಲ್ಲೋ ಕಣ್ಣಾರೆ ನೋಡದೆ ಬಳಸಬೇಡಿ. ಭಾಷೆ ತಿದ್ದಿಸಿಕೊಳ್ಳಲು ಅನುಮತಿ ಇದೆಯೇ ಎಂದು ಮಾರ್ಗದರ್ಶಕರನ್ನು ಮೊದಲೇ ಕೇಳಿ, ಬಳಸಿದ್ದನ್ನು ಮುನ್ನುಡಿಯಲ್ಲಿ ತಿಳಿಸಿ. ವಾದವನ್ನೂ ತೀರ್ಮಾನವನ್ನೂ ಅದರಿಂದ ಬರೆಸಿದರೆ ಪ್ರಬಂಧದ ಮೇಲೆ ನಿಮ್ಮ ಹೆಸರು ಹಾಕಲು ಏನೂ ಉಳಿಯುವುದಿಲ್ಲ.

ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ಉಳಿದಿರುವ ಸೀನಿಯರ್‌ಗಳ ಪ್ರಾಜೆಕ್ಟನ್ನು ನೋಡಿ ಅಧ್ಯಾಯಗಳ ರಚನೆಯನ್ನು ಅರಿತುಕೊಳ್ಳಬಹುದು; ಹೆಸರು, ವರ್ಷ ಬದಲಿಸಿ ಬೈಂಡ್ ಮಾಡಿಸುವುದು ಅಪ್ಪಟ ಕಳವು. ಪದವಿಯಲ್ಲಿ ನೀವೇ ಬರೆದ ಪ್ರಾಜೆಕ್ಟಿನ ಭಾಗವನ್ನು ಎಂ.ಎ. ಪ್ರಬಂಧಕ್ಕೆ ಸೇರಿಸುವುದಾದರೂ ಅದನ್ನು ಹೇಳಿಯೇ ಸೇರಿಸಬೇಕು. ಸ್ವಂತ ಬರಹವನ್ನು ಉಲ್ಲೇಖವಿಲ್ಲದೆ ಮರುಬಳಸುವುದು ಒಪ್ಪತಕ್ಕದ್ದಲ್ಲ ಎಂದು ಯುಜಿಸಿಯು 2020ರ ಪ್ರಕಟಣೆಯಲ್ಲಿ ಸ್ಪಷ್ಟಪಡಿಸಿದೆ.

ಹತ್ತನೆಯ ಹಂತ: ಹೋಲಿಕೆ ವರದಿಯನ್ನು ಓದುವ ಬಗೆ

ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಿಗೆ ನೆರವಾಗುವ ಯುಜಿಸಿಯ ಇನ್‌ಫ್ಲಿಬ್‌ನೆಟ್ ಕೇಂದ್ರದ ಶೋಧಶುದ್ಧಿ ಯೋಜನೆಯ ಮೂಲಕ 2019ರಿಂದ ವಿಶ್ವವಿದ್ಯಾಲಯಗಳಿಗೆ ಹೋಲಿಕೆ ಪತ್ತೆಯ ತಂತ್ರಾಂಶ ಒದಗಿಸಲಾಗುತ್ತಿದೆ. ಅಂತಿಮ ಸಲ್ಲಿಕೆಗೆ ಕನಿಷ್ಠ ಒಂದು ತಿಂಗಳು ಮುಂಚೆ ಮಾರ್ಗದರ್ಶಕರ ಮೂಲಕ ವರದಿ ತೆಗೆಸಿ. ಉದ್ಧರಣ ಚಿಹ್ನೆಯೊಳಗಿನ ಆಕರಸಹಿತ ಭಾಗ, ಗ್ರಂಥಋಣ, ಪರಿವಿಡಿ, ಮುನ್ನುಡಿ, ಕೃತಜ್ಞತೆ, ಕಾನೂನಿನ ಪಾಠ, ಪ್ರಮಾಣಿತ ಸಮೀಕರಣ ಇವು ಲೆಕ್ಕಕ್ಕೆ ಬರುವುದಿಲ್ಲ. ಸತತ 14 ಪದಗಳವರೆಗಿನ ಸಾಮಾನ್ಯ ಜ್ಞಾನದ ಅಥವಾ ಆಕಸ್ಮಿಕ ಹೋಲಿಕೆಗೂ ವಿನಾಯಿತಿ ಇದೆ. ಶೇಕಡಾವಾರು ಅಂಕಿಯನ್ನಷ್ಟೇ ನೋಡಿ ನೆಮ್ಮದಿಪಡದೆ, ಬಣ್ಣ ಹಾಕಿ ತೋರಿಸಿದ ಪ್ರತಿ ಭಾಗವನ್ನೂ ನಿಮ್ಮ ಟಿಪ್ಪಣಿ ಪುಸ್ತಕದೊಡನೆ ಹೋಲಿಸಿ.

ನುಡಿ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದ ಕನ್ನಡವನ್ನು ಯಂತ್ರವು ಕನ್ನಡವೆಂದೇ ಗುರುತಿಸುವುದಿಲ್ಲ, ಹಾಗಾಗಿ ವರದಿಯಲ್ಲಿ ಹೋಲಿಕೆ ಶೂನ್ಯವೆಂದು ಬರಬಹುದು. ಆ ಶೂನ್ಯಕ್ಕೆ ಬೆಲೆಯಿಲ್ಲ. ಕಡತವನ್ನು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳು ಕೆಟ್ಟಿವೆಯೇ ಎಂದು ಓದಿ ನೋಡಿ, ಆಮೇಲೆ ಪರೀಕ್ಷೆಗೆ ಕೊಡಿ. ಹೋಲಿಕೆ ಹೆಚ್ಚು ಬಂದ ಭಾಗದಲ್ಲಿ ಸಮಾನಾರ್ಥಕ ಪದಗಳನ್ನು ತುರುಕಿ ಅಂಕಿ ಇಳಿಸುವವರಿದ್ದಾರೆ. ಅದು ಐದನೆಯ ಹಂತದಲ್ಲಿ ಹೇಳಿದ ಎಲುಬುಗೂಡಿನ ತಪ್ಪನ್ನೇ ಮತ್ತೆ ಮಾಡಿದಂತೆ. ಆ ಭಾಗವನ್ನು ತೆಗೆದುಹಾಕಿ, ಮೂಲವನ್ನು ಇನ್ನೊಮ್ಮೆ ಓದಿ, ಪುಸ್ತಕ ಮುಚ್ಚಿಟ್ಟು ಹೊಸದಾಗಿ ಬರೆಯಿರಿ.

ಕೊನೆಯ ವಾರ

ನಾನು ಕಂಡ ನಕಲುಗಳಲ್ಲಿ ಹೆಚ್ಚಿನವು ಸಲ್ಲಿಕೆಯ ಹಿಂದಿನ ಮೂರು ರಾತ್ರಿಗಳಲ್ಲಿ ಆದವು. ಒಂದು ಅಧ್ಯಾಯ ಮುಗಿಯುವುದಿಲ್ಲವೆಂದು ಖಚಿತವಾದ ದಿನವೇ ಮಾರ್ಗದರ್ಶಕರ ಬಳಿ ಹೋಗಿ ‘ಸರ್, ಇಷ್ಟು ಉಳಿದಿದೆ’ ಎಂದು ಹೇಳಿಬಿಡಿ. ಗಡುವನ್ನು ಮುಂದಕ್ಕೆ ಹಾಕಲು, ಅಧ್ಯಾಯವನ್ನು ಕಿರಿದುಗೊಳಿಸಲು ಅವರಿಗೆ ದಾರಿಗಳಿರುತ್ತವೆ. ನಕಲಾದ ಅಧ್ಯಾಯವನ್ನು ಕಾಪಾಡಲು ಅವರಿಗೂ ದಾರಿಯಿಲ್ಲ, ಏಕೆಂದರೆ ಪ್ರಬಂಧ ಕೃತಿಚೌರ್ಯದಿಂದ ಮುಕ್ತವೆಂದು ನೀವು ಮುಚ್ಚಳಿಕೆ ಬರೆದುಕೊಡುವಂತೆ ಅವರೂ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು. ಸಲ್ಲಿಸಿದ ಮೇಲೆ ತಪ್ಪು ನಿಮ್ಮ ಕಣ್ಣಿಗೇ ಬಿದ್ದರೆ ಮೌಖಿಕ ಪರೀಕ್ಷೆಗೆ ಮುಂಚೆಯೇ ಲಿಖಿತವಾಗಿ ತಿಳಿಸಿ.

ಒಂದು ವೇಳೆ ಆರೋಪ ಬಂದರೆ ಅದನ್ನು ಮೊದಲು ವಿಭಾಗದ ಮಟ್ಟದ, ನಂತರ ಸಂಸ್ಥೆಯ ಮಟ್ಟದ ಶೈಕ್ಷಣಿಕ ಪ್ರಾಮಾಣಿಕತಾ ಸಮಿತಿಗಳು ವಿಚಾರಣೆ ಮಾಡುತ್ತವೆ. ಆಗ ನಿಮ್ಮ ಪರವಾಗಿ ನಿಲ್ಲುವುದು ಮೂರು ಬಣ್ಣದ ಟಿಪ್ಪಣಿ ಪುಸ್ತಕ, ದಿನಾಂಕ ಹಾಕಿದ ಕರಡುಗಳು ಮತ್ತು ಸಂದರ್ಶನದ ಮೂಲ ಹಾಳೆಗಳು. ಪ್ರಬಂಧ ಬೈಂಡ್ ಆಗಿ ಬಂದ ದಿನ ಇವನ್ನು ರದ್ದಿಗೆ ಹಾಕಬೇಡಿ. ಒಂದು ಚೀಲದಲ್ಲಿ ಕಟ್ಟಿ, ಪದವಿ ಪ್ರಮಾಣಪತ್ರ ಇಡುವ ಬೀರುವಿನಲ್ಲೇ ಇಡಿ.